ಒಂದು ಪಟ್ಟಿ ಕೇಳಿದರೆ

ಮದುರೆಯಲ್ಲಿ ಬಸ್ ಹತ್ತಿದರೆ ಮೊದಲು ಉಸಿಲಂಪಟ್ಟಿ, ಆಮೇಲೆ ನಮ್ಮ ಆಂಡಿಪಟ್ಟಿ. ಈ ಸೀಮೆಯಲ್ಲಿ ಪಟ್ಟಿಗಳಿಗೆ ಬರವಿಲ್ಲ. ಆದರೂ ಕಂಡಕ್ಟರ್ ಒಂದು ಪಟ್ಟಿಯವರನ್ನು ಇನ್ನೊಂದು ಪಟ್ಟಿಯಲ್ಲಿ ಇಳಿಸುವುದಿಲ್ಲ. ನನ್ನ ಅಳಿಯನ ಪ್ರಯೋಗಾಲಯದ ಮೊಲಕ್ಕೆ ಅಷ್ಟು ಬುದ್ಧಿಯಿಲ್ಲ.

ಮೊಲ ಅಂದರೆ ಅದರ ರಕ್ತದಿಂದ ತೆಗೆದ ಪ್ರತಿಕಾಯ, ಒಂದೇ ಒಂದು ಪ್ರೋಟೀನನ್ನು ಗುರುತು ಹಿಡಿಯಬೇಕಾದದ್ದು. ಜೀವಕೋಶದೊಳಗೆ ಆಕ್ಟಿನ್ ಎಂಬ ನೂಲಿದೆ. ಅದಕ್ಕೆ ಅಂಟಿಕೊಂಡು ತುಂಡರಿಸುವ ಕತ್ತರಿ ಕೋಫಿಲಿನ್. (ಸಕ್ಕಂಪಟ್ಟಿಯ ಮಗ್ಗದವರೊಬ್ಬರಿಗೆ ಇದನ್ನು ಹೇಳಿದೆ. ನೂಲು ಕಡಿಯುವವನಿಗೆ ಇಷ್ಟು ಮರ್ಯಾದೆಯಾ ಎಂದರು.) ಕೋಫಿಲಿನ್ ಚೂರನ್ನು ಮೊಲಕ್ಕೆ ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿ, ರಕ್ತ ತೆಗೆದು, ಸೀರಮ್ ಶೀಶೆಗಿಳಿಸುತ್ತಾರೆ. ಅದೇ ಪಾಲಿಕ್ಲೋನಲ್: ಮೊಲದ ಹತ್ತಾರು ಕೋಶವಂಶಗಳು ತಲೆಗೊಂದರಂತೆ ಹೇಳಿದ ಸಾಕ್ಷಿ, ಒಂದೇ ಶೀಶೆಯಲ್ಲಿ. ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ. ರೋಗಿಗೆ ಅಪಾಯವಾಗಬಾರದು ನೋಡಿ. ಪಿಎಚ್‌ಡಿಗೆ ಆದರೆ ಆಗಲಿ.

ಕೊಡೈಕಾನಲ್ ಮೇಲಿನ ಮನ್ನವನೂರಿನಲ್ಲಿ ಕೇಂದ್ರ ಸರ್ಕಾರವೇ ಮೊಲ ಸಾಕುತ್ತದೆ. ಅಳಿಯನ ಮೊಲ ಮಾತ್ರ ವಿದೇಶದಿಂದ ಐಸಿನ ಮೇಲೆ ಕೂತೇ ಬರಬೇಕು. ಬಂತು. ಅದು ಹಿಡಿದ ಪ್ರೋಟೀನು ಬ್ಲಾಟ್ ಚಿತ್ರದಲ್ಲಿ ತನ್ನ ತೂಕದ ಜಾಗದಲ್ಲಿ ಪಟ್ಟಿಯಾಗಿ ಕಾಣುತ್ತದೆ. ಕೋಫಿಲಿನ್ನಿನ ತೂಕವಾದ 19 ಕಿಲೋಡಾಲ್ಟನ್ ಹತ್ತಿರ ಒಂದು ಪಟ್ಟಿ ಮೂಡಬೇಕಿತ್ತು, ನಾಲ್ಕು ಮೂಡಿದವು.

“ಮಾವ, ಇದು ಅಡ್ಡ ಗುರುತು, ಕೋಫಿಲಿನ್ ಅಲ್ಲದ್ದನ್ನೂ ಹಿಡಿದಿದೆ” ಎಂದ.

ನನಗೇನು ಹೊಸದೇ? ನಮ್ಮನೆಯ ಕನ್ನಡ ಕೇಳಿ ಬೆಂಗಳೂರಿನವರು ತಮಿಳು ಅನ್ನುತ್ತಾರೆ, ಮದುರೆಯವರು ತೆಲುಗು ಅನ್ನುತ್ತಾರೆ. ಗುರುತು ಹಿಡಿಯುವುದೆಂದರೆ ನಮ್ಮ ಮತದಾರರದು. 1984ರ ಚುನಾವಣೆಯ ಹೊತ್ತಿಗೆ ಮುಖ್ಯಮಂತ್ರಿ ಎಂಜಿಆರ್ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಕಣ್ಣಿಗೆ ಕಾಣದವರನ್ನು ಆಂಡಿಪಟ್ಟಿ ಗೆಲ್ಲಿಸಿ ಕಳಿಸಿತು. ಮೊಲಕ್ಕೆ ಎದುರಿಗಿದ್ದದ್ದೇ ಕಾಣಲಿಲ್ಲ.

2015ರಲ್ಲಿ ಬ್ರಾಡ್‌ಬರಿ, ಪ್ಲುಕ್‌ಥುನ್ ಎಂಬ ವಿಜ್ಞಾನಿಗಳು ನೂರಕ್ಕೂ ಹೆಚ್ಚು ಜನರ ಸಹಿಯೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಕೊಟ್ಟರು: ಕೆಟ್ಟ ಪ್ರತಿಕಾಯಗಳಿಗೆ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲು. ಇಷ್ಟಾದ ಮೇಲೆ ಅಳಿಯ ಇನ್ನೊಂದು ಶೀಶೆ ತರಿಸಿದ. ಅದೇ ಹೆಸರು, ಅದೇ ಕ್ಯಾಟಲಾಗ್ ಸಂಖ್ಯೆ. ಹಳೆಯ ಮೊಲ ಇರಲಿಲ್ಲ, ರಕ್ತ ಹೊಸಬರದು. ಈ ಸಲ ಮೂರು ಪಟ್ಟಿ, ಅವೂ ಬೇರೆ ಊರಿನವು.

ಗೈಡ್ ಕನ್ನಡಕ ಏರಿಸಿ ನೋಡಿದರಂತೆ. ಮೊಲವನ್ನು ಬೈಯಲಿಲ್ಲ, ಪ್ರಯೋಗ ಮತ್ತೆ ಮಾಡು ಎನ್ನಲಿಲ್ಲ. ಚಿತ್ರದ ಮೇಲಂಚು ಕೆಳಅಂಚು ಕತ್ತರಿಸು ಎಂದರು. ಪ್ರಬಂಧ ಅಚ್ಚಾಗಿದೆ. ಈಗ ಅದು ಎಕ್ಸ್‌ಪ್ರೆಸ್ ಬಸ್ಸು, ನಡುವಿನ ಯಾವ ಪಟ್ಟಿಯಲ್ಲೂ ನಿಲ್ಲುವುದಿಲ್ಲ.