ಕ್ರಿಸ್ತಜಯಂತೀ ಗಾನಮುದ್ರಿಕಾ ನಿರ್ಣಯ

ಯಾವ ಶಾಸ್ತ್ರಗ್ರಂಥವೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಆರಂಭವಾಗತಕ್ಕದ್ದಲ್ಲವೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಮೊದಲು ಆ ಋಣವನ್ನು ತೀರಿಸಿಬಿಡುತ್ತೇನೆ. ಡಿಸೆಂಬರ್ ಮಾಸದಲ್ಲಿ ಹೊಸೂರಿನ ಒಂದು ಬೀದಿಗೆ ಧ್ವನಿವರ್ಧಕದ ಮೂಲಕ ಉಣಬಡಿಸತಕ್ಕ ಭಕ್ತಿಗಾನದ ಮುದ್ರಿಕೆಗಳೇ ವಿಷಯ; ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮನೆಯಲ್ಲಿ ಪೇರಿಸಿಟ್ಟುಕೊಂಡಿರುವನೆಂಬ ಏಕೈಕ ಅಪರಾಧಕ್ಕಾಗಿ ನೆರೆಯ ಕ್ರೈಸ್ತ ಮಿತ್ರರಿಂದ ಈ ಕಾರ್ಯಕ್ಕೆ ನಿಯುಕ್ತನಾದ ನಾನೇ ಅಧಿಕಾರಿ; ಪ್ರಯೋಜನವು ಅವರ ಮನೆಯ ಪ್ಲಮ್ ಕೇಕು; ಈ ಮೂರಕ್ಕೂ ಇರುವ ಸಂಬಂಧವನ್ನು ಆ ಕೇಕು ತಿಂದವರು ಬಲ್ಲರು.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷವೆಂದರೆ ಅಂಗಡಿಯಲ್ಲಿಯೇ ಹಾಕಿಸಿ ಕೇಳುವುದು. ಆದರೆ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬೆಂಗಳೂರು ಬಸ್ಸಿನ ಹಾರನ್ನಿಗೂ ಲ್ಯಾಟಿನ್ ಸ್ತೋತ್ರಕ್ಕೂ ಭೇದಜ್ಞಾನವೇ ಉದಿಸದಿರುವುದರಿಂದ ಅದು ದುರ್ಬಲ. ಅನುಮಾನವು ಇದಕ್ಕಿಂತ ಬಲಿಷ್ಠ: ಎಲ್ಲೆಲ್ಲಿ ಮುಖಚಿತ್ರದಲ್ಲಿ ಹತ್ತಿಯ ಗಡ್ಡವೋ ಅಲ್ಲಲ್ಲಿ ಒಳಗೆ ಕೀಬೋರ್ಡಿನ ಘಂಟಾನಾದ, ಅಡುಗೆಮನೆಯಲ್ಲಿ ಹೊಗೆಯಿದ್ದಲ್ಲಿ ಬೆಂಕಿಯಿದ್ದಂತೆ, ಈ ವ್ಯಾಪ್ತಿಗೆ ನನ್ನ ಅನುಭವದಲ್ಲಿ ಒಂದು ಅಪವಾದವೂ ಕಂಡುಬಂದಿಲ್ಲ. ಶಬ್ದಪ್ರಮಾಣವೆಂದರೆ ಅಂಗಡಿಯಾತನ ಮಾತು. “ಇದೇ ಸಾರ್, ಈಗ ಜೋರಾಗಿ ಓಡ್ತಾ ಇರೋದು” ಎಂಬುದು ಆಪ್ತವಾಕ್ಯವೇ ಸರಿ. ಆದರೆ ನವರಾತ್ರಿಯಲ್ಲಿ ದೇವೀಸ್ತೋತ್ರವನ್ನು ಕೊಡುವಾಗಲೂ ಆತ ಇದನ್ನೇ, ಇದೇ ಸ್ವರದಲ್ಲಿ, ಹೇಳಿದ್ದನು.

ಈಗ ಹಿಮಾಧಿಕರಣ. ಆಂಗ್ಲ ಗೀತೆಗಳಲ್ಲಿ ಹೆಜ್ಜೆಹೆಜ್ಜೆಗೂ ಸುರಿಯುವ ಹಿಮವು ಈ ಸೀಮೆಗೆ ಗ್ರಾಹ್ಯವೋ ತ್ಯಾಜ್ಯವೋ ಎಂಬುದು ಸಂಶಯ. ತ್ಯಾಜ್ಯವೆಂದು ಕೃಷ್ಣಗಿರಿಯವರ ಪೂರ್ವಪಕ್ಷ: ಮಾವಿನ ತೋಪುಗಳ ನಡುವೆ, ಡಿಸೆಂಬರಿನ ಮಧ್ಯಾಹ್ನದಲ್ಲಿಯೂ ಫ್ಯಾನಿನ ಕೆಳಗಿನಿಂದ ಕದಲದ ತಮಗೆ ಹಿಮದ ವರ್ಣನೆಯು ವಂಧ್ಯಾಪುತ್ರನ ವರ್ಣನೆಯಂತೆ ನಿರರ್ಥಕವೆಂದು ಅವರು ವಾದಿಸುತ್ತಾರೆ. ಹೊಸೂರಿನವರು ಒಪ್ಪುವುದಿಲ್ಲ. ಸುಮಾರು 2,900 ಅಡಿ ಎತ್ತರದಲ್ಲಿದ್ದು, ಆಂಗ್ಲರಿಂದ ‘ಪುಟ್ಟ ಇಂಗ್ಲೆಂಡ್’ ಎನ್ನಿಸಿಕೊಂಡ ತಮ್ಮೂರಿನಲ್ಲಿ, ಮುಂಜಾನೆ ಗುಲಾಬಿ ಕೊಯ್ಯುವವರು ಮಂಕಿಕ್ಯಾಪ್ ತೊಡುವಷ್ಟು ಇಬ್ಬನಿಯಿರಲಾಗಿ, ಹಿಮಶಬ್ದಕ್ಕೆ ಲಕ್ಷಣಾವೃತ್ತಿಯಿಂದ ಇಬ್ಬನಿಯೆಂದೇ ಅರ್ಥಮಾಡತಕ್ಕದ್ದೆಂದು ಅವರ ಸಮಾಧಾನ. ಎರಡೂರುಗಳಿಗೆ ಇರುವ ಅಂತರವೋ ಕೇವಲ 50 ಕಿಲೋಮೀಟರು! ಆದುದರಿಂದ ಸಿದ್ಧಾಂತವಿದು: ಹಿಮಗೀತೆಗಳಿಗೆ ನಡುದಾರಿಯ ಶೂಲಗಿರಿಯವರೆಗೆ ಮಾತ್ರ ಪ್ರಾಮಾಣ್ಯ, ಅಲ್ಲಿಂದ ಕೆಳಗಿಳಿದೊಡನೆ ಕುರುಬರಪಳ್ಳಿಯೆಂಬ ಊರೇ ಎದುರಾಗುವುದರಿಂದ, ಮಂದೆ ಕಾಯುತ್ತಿದ್ದ ಕುರುಬರಿಗೆ ದೇವದೂತನು ಕಾಣಿಸಿಕೊಂಡ ಗೀತೆಗಳೇ ವಿಹಿತ.

ಇನ್ನು ಪ್ರಸಿದ್ಧ ಗೀತೆಗಳ ವಿಚಾರ. 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟನು ಪ್ರಕಟಿಸಿದ ‘ಜಿಂಗಲ್ ಬೆಲ್ಸ್’ನಲ್ಲಿ ಕ್ರಿಸ್ತನಿಲ್ಲ, ಮರಿಯಳಿಲ್ಲ, ಹಬ್ಬದ ಹೆಸರೂ ಇಲ್ಲ, ಇರುವುದು ಜಾರುಬಂಡಿಗೆ ಕಟ್ಟಿದ ಒಂದು ಕುದುರೆ. ಇದು ಅಶ್ವಸ್ತೋತ್ರವೆಂಬುದು ನಿರ್ವಿವಾದ. ಆದರೂ ಆಂಗ್ಲರ ಸೇನೆಗೆ ಕುದುರೆಗಳನ್ನು ಒದಗಿಸುತ್ತಿದ್ದ ಊರು ಹೊಸೂರಾದ್ದರಿಂದ ಸ್ಥಳಮಾಹಾತ್ಮ್ಯದ ದೃಷ್ಟಿಯಿಂದ ಒಮ್ಮೆ, ಒಮ್ಮೆ ಮಾತ್ರ, ಅನುಮತಿಸಬಹುದು. ಹ್ಯಾಂಡಲನ ‘ಮೆಸಾಯ’ದ ಪ್ರಖ್ಯಾತ ಹಲ್ಲೆಲೂಯ ವೃಂದಗಾನಕ್ಕಾದರೋ ಕಾಲದೋಷವಿದೆ. ಆ ಕೃತಿಯು ಮೊದಲು ಹಾಡಲ್ಪಟ್ಟುದು ಡಬ್ಲಿನ್ನಿನಲ್ಲಿ, 1742ರ ಏಪ್ರಿಲ್ 13ರಂದು. ಹಲ್ಲೆಲೂಯವು ಬರುವುದು ಕ್ರಿಸ್ತನ ಮರಣ ಪುನರುತ್ಥಾನಗಳೆಲ್ಲ ಮುಗಿದ ಮೇಲೆ, ಎರಡನೆಯ ಭಾಗದ ತುದಿಯಲ್ಲಿ. ಅದನ್ನು ಜಯಂತಿಯ ರಾತ್ರಿ ನುಡಿಸುವುದು ಪುತ್ರಕಾಮೇಷ್ಟಿಯ ದಿನವೇ ಪಟ್ಟಾಭಿಷೇಕವನ್ನು ಪಾರಾಯಣ ಮಾಡಿದಂತೆ. ಮೇಲಾಗಿ ಅದನ್ನು ಎದ್ದುನಿಂತು ಕೇಳುವುದು ಆಂಗ್ಲ ಸಂಪ್ರದಾಯ. ನಮ್ಮ ಬೀದಿಯಲ್ಲಿ ಒಬ್ಬರೆದ್ದರೆ ಕಾರ್ಯಕ್ರಮ ಮುಗಿಯಿತೆಂದು ತಿಳಿದು ಎಲ್ಲರೂ ಬಿರಿಯಾನಿಯ ಕಡೆಗೆ ಹೊರಟುಬಿಡುತ್ತಾರೆ.

ಭಾಷಾಪ್ರಕರಣವು ಇವೆಲ್ಲಕ್ಕಿಂತ ಗಹನವಾದುದು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂಬ ತ್ರಿವೇಣಿಯಲ್ಲಿ ಮುಳುಗೆದ್ದವರು ಈ ಸೀಮೆಯ ಜನ. ತಮಿಳಿನಲ್ಲಿ ‘ಬೆತ್ಲೆಹೇಮ್ ಕುರವಂಜಿ’ಯ ಕರ್ತೃವಾದ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳುಂಟು, ತೆಲುಗಿನಲ್ಲಿ ಪುರುಷೋತ್ತಮ ಚೌದರಿಯವರ ಕೀರ್ತನೆಗಳುಂಟು, ಕನ್ನಡದಲ್ಲಿ, ನಿಘಂಟಿನಿಂದ ಪ್ರಸಿದ್ಧರಾದ ಕಿಟ್ಟೆಲ್ಲರು ಅದಕ್ಕೂ ಮುಂಚೆ, 1862ರಲ್ಲಿಯೇ, ಕ್ರಿಸ್ತಚರಿತೆಯನ್ನು ದೇಶೀಯ ಧಾಟಿಗಳಲ್ಲಿ ಹಾಡಿದ ‘ಕಥಾಮಾಲೆ’ಯುಂಟು. ನನ್ನನ್ನೇ ಕೇಳಿದರೆ, ವಿಲಾಯತಿಯ ಅರ್ಧ ಸರಕನ್ನು ಈ ಮೂವರಿಗಾಗಿ ಬಿಟ್ಟುಕೊಡಬಹುದು. ಆದರೆ ಯಾರನ್ನು ಮೊದಲು ನುಡಿಸಿದರೂ ಉಳಿದಿಬ್ಬರ ಪಕ್ಷದವರು ಕುರ್ಚಿ ಸರಿಸುವ ಸದ್ದು ಕೇಳಿಬರುವುದು ನಿಶ್ಚಯವಾದ್ದರಿಂದ, ಯಾರ ಮನೆಮಾತೂ ಅಲ್ಲದ ಭಾಷೆಯೇ ಕ್ಷೇಮವೆಂದು ಬಗೆದು, 1918ರಿಂದ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ನಡೆದುಬಂದಿರುವ ಕ್ರಿಸ್ಮಸ್ ಮುನ್ನಾದಿನದ ಆರಾಧನೆಯ ಗಾನವನ್ನೇ ಅಗ್ರಪೂಜೆಗೆ ಆರಿಸಿದೆನು.

ಆ ಸಂಪ್ರದಾಯದಲ್ಲಿ ಆರಂಭಗೀತೆಯ ಮೊದಲ ಚರಣವನ್ನು ಒಬ್ಬನೇ ಬಾಲಕನು, ಯಾವ ವಾದ್ಯದ ಆಸರೆಯೂ ಇಲ್ಲದೆ, ದೀಪಕ್ಕೆ ಎಣ್ಣೆ ಹೊಯ್ಯುವಷ್ಟು ಮೆಲ್ಲನೆ ಹಾಡುತ್ತಾನೆ. ಅದರ ಸೌಂದರ್ಯವಿರುವುದೇ ಅಲ್ಲಿ. ನಮ್ಮ ಅನರ್ಥಕ್ಕೆ ಕಾರಣವಾದುದೂ ಅದೇ. ಬಾಗಲೂರು ರಸ್ತೆಯ ಲಾರಿಗಳ ನಡುವೆ ಬಾಲಕನ ಕಂಠವು ಯಾರ ಕಿವಿಗೂ ತಲಪಲಿಲ್ಲ. ಮೈಕ್ ಸೆಟ್ಟಿನ ಹುಡುಗನು, “ಸಾರ್, ಸೆಟ್ ಎಳೀತಾ ಇಲ್ಲ” ಎನ್ನುತ್ತ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದನು. ನಾನು ಎದ್ದು ಕೈಯೆತ್ತುವಷ್ಟರಲ್ಲಿ ಅಲ್ಲಿ ಇಡೀ ವೃಂದವೂ, ಅದರ ಹಿಂದೆಯೇ ಮಹಾ ಆರ್ಗನ್ನೂ, ಒಮ್ಮೆಲೇ ಪ್ರವೇಶಿಸಿದವು. ತೆಂಗಿನಮರದ ಕಾಗೆಗಳೆಲ್ಲ ಕತ್ತಲಲ್ಲಿ ಹಾರಿದವು. ಬೀದಿಯ ನಾಯಿಗಳು ಅನುಪಲ್ಲವಿಯನ್ನೆತ್ತಿಕೊಂಡವು. ತೊಟ್ಟಿಲ ಕೂಸೊಂದು ಎದ್ದು ಕೂತು ಚರಣವನ್ನು ಪೂರೈಸಿತು. ಹುಡುಗನು ನನ್ನ ಪೆನ್‌ಡ್ರೈವನ್ನು ಕಿತ್ತು ತನ್ನದನ್ನು ಸಿಕ್ಕಿಸಿದನು. ಅದರಲ್ಲಿ ಮೂರು ಭಾಷೆಗಳೂ ಬೆರೆತಿದ್ದುವು, ಕೀಬೋರ್ಡಿನ ಗಂಟೆಯೂ ಇತ್ತು. ಮಕ್ಕಳು ರಾತ್ರಿ ಹನ್ನೊಂದರವರೆಗೆ ಕುಣಿದರು. ಕೇಕು ಉತ್ತಮವಾಗಿತ್ತು.

ಆ ಗದ್ದಲದಲ್ಲಿ ನನ್ನ ಪೆನ್‌ಡ್ರೈವ್ ಕಾಣೆಯಾಯಿತು. ಸಿಕ್ಕಿದ ಮಹನೀಯರು ದಯವಿಟ್ಟು ಹಿಂದಿರುಗಿಸಬೇಕೆಂದು ಪ್ರಾರ್ಥನೆ; ಹಾಡುಗಳನ್ನು ಅಳಿಸಿದ್ದರೆ ಚಿಂತೆಯಿಲ್ಲ, ಅದರಲ್ಲಿ ನಮ್ಮ ಮನೆಯ ಕಂದಾಯದ ರಸೀದಿಯಿದೆ.