ಮೀನುಗಳ ಪುನರ್ವಸತಿ

ಬಾಡಿಗೆ ಮನೆ ಕೇಳಲು ಹೋದವರಿಗೆ ಮುದ್ದೇಬಿಹಾಳದಲ್ಲಿ ಪಗಾರ ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಏನು ಉಣ್ಣುತ್ತೀರಿ ಎಂಬುದು ಮೊದಲನೆಯದು. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಂದು ಹೇಳಿ ನಾನು ಪಾಸಾಗಿದ್ದೆ. ತಾಳಿಕೋಟೆ ರಸ್ತೆಯ ಆ ಮನೆಯ ಮಾಲೀಕರು ಮುಂಗಡ ಎಣಿಸಿಕೊಂಡು, ಚಹಾ ತರಿಸಿ, ಬಸಿಗೆ ಸುರುವಿಕೊಳ್ಳುವ ಹೊತ್ತಿಗೆ ‘ಇನ್ನೊಂದ ಮಾತರಿ, ನಮ್ಮ ಜೋಡಿ ಮೀನ ಬರ್ತಾವು’ ಎಂದೆ.

ಬಸಿ ತುಟಿಯ ಹತ್ತಿರವೇ ನಿಂತಿತು.

‘ಈಗರ ಶಾಕಾಹಾರಿ ಅಂದ್ರಲ್ರಿ?’

‘ತಿನ್ನೂ ಮೀನ ಅಲ್ರಿ ಯಜಮಾನ್ರ, ನೋಡೂ ಮೀನ.’

‘ನೋಡಿ ಆಮ್ಯಾಗ?’

‘ಆಮ್ಯಾಗೂ ನೋಡೂದರಿ.’

ಹಾಲು ಕೊಡದ, ಮೊಟ್ಟೆ ಕೊಡದ, ಕೊನೆಗೆ ಸಗಣಿಯನ್ನೂ ಹಾಕದ ಜೀವಕ್ಕೆ ಹಗಲುರಾತ್ರಿ ಕರೆಂಟು ಸುಡುವ ಮನುಷ್ಯ ಬಾಡಿಗೆ ತಪ್ಪಿಸುವಷ್ಟು ಜಾಣನಿರಲಾರ ಎಂದು ಅವರಿಗೆ ಅನಿಸಿರಬೇಕು. ಒಪ್ಪಿದರು.

ಮನೆ ಬದಲಿಸುವುದೆಂದರೆ ನಮ್ಮ ಕಡೆ ದೊಡ್ಡ ಮಾತಲ್ಲ. ಗಾದಿ ಸುತ್ತು, ಭಾಂಡೆ ಚೀಲಕ್ಕೆ ತುಂಬು, ಟಂಟಂ ಕರೆ, ಮುಗಿಯಿತು. ತಿಜೋರಿಗೆ ಹೊಸ ಮನೆಯ ನೀರು ಹತ್ತಲಿಲ್ಲ ಎಂದಾಗಲಿ, ಕುರ್ಚಿಗೆ ದಾರಿಯಲ್ಲಿ ಜೀವ ಹಾರಿತು ಎಂದಾಗಲಿ ಯಾರೂ ಕೇಳಿಲ್ಲ. ಮೀನಿನ ಮಾತು ಬೇರೆ. ಅದಕ್ಕೆ ಗದ್ದಲವಾಗದು, ಬೆಳಕಾಗದು, ಕುಲುಕಾಟವಾಗದು. ನೀರಿನ ಬಿಸಿ ಒಮ್ಮೆಲೇ ಏರಿಳಿದರೂ ಆಗದು. ಇಷ್ಟು ನಾಜೂಕಿನ ಪ್ರಾಣಿಯನ್ನು ಮನೆಯ ಅಳಿಯನನ್ನು ಕರೆತಂದಂತೆ ತರಬೇಕು.

ಸಾಮಾನು ಎತ್ತಲು ಬಂದವರು ಎಪಿಎಂಸಿಯ ಹಮಾಲರು. ಕ್ವಿಂಟಲ್ ತೊಗರಿಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಬೀಡಿಯ ಲೆಕ್ಕ ಮಾತಾಡುತ್ತ ನಡೆಯುವ ಮಂದಿ. ಎರಡು ಅಡಿಯ ಅಕ್ವೇರಿಯಂ ನೋಡಿ ಅವರಿಗೆ ಅವಮಾನವೇ ಆಯಿತು. ‘ನೀರ ಸಮೇತ ಎತ್ತತೀವಿ ಬಿಡ್ರಿ ಸರ. ಮನಿ ಬಿಟ್ಟದ್ದು ಮೀನಕ್ಕ ಗೊತ್ತಾಗಬಾರದು, ಹಂಗ ಒಯ್ತೀವಿ.’

ಎರಡು ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಆ ಗಾಜಿನ ಪೆಟ್ಟಿಗೆ ಕಂಠಮಟ ತುಂಬಿದರೆ ಸುಮಾರು 56 ಲೀಟರ್ ನೀರು. ನೀರೊಂದೇ 56 ಕಿಲೊ. ಸಿಮೆಂಟ್ ಚೀಲಕ್ಕಿಂತ ಭಾರ. ಗಾಜು, ಹರಳು, ಉಸುಕು ಬೇರೆ. ತೂಕಕ್ಕೆ ಹಮಾಲರು ಅಂಜುವವರಲ್ಲ, ನಿಜ. ಆದರೆ ತೊಗರಿ ಒಮ್ಮೆ ಚೀಲದಲ್ಲಿ ಕೂತರೆ ಕೂತಿತು. ನೀರು ಕೂಡುವುದಿಲ್ಲ. ಒಬ್ಬ ಒಂದು ಬೆರಳು ಮೇಲೆತ್ತಿದರೆ ಇಡೀ ಭಾರ ಇನ್ನೊಬ್ಬನ ಕಡೆ ಓಡುತ್ತದೆ, ತಳದ ಗಾಜು ಮಣಿಯುತ್ತದೆ, ಗಾಜಿಗೆ ಗಾಜು ಹಿಡಿದುಕೊಂಡ ಸಿಲಿಕೋನ್ ಅಂಟು ಬಿಡುತ್ತದೆ. ಆಮೇಲೆ ಹಳೆಯ ಮನೆಯ ಪಡಸಾಲೆಯಲ್ಲೇ ಮುಳುಗಡೆ.

ಮುಳುಗಡೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ನನ್ನ ಸೋದರಮಾವ ತಲೆ ಎತ್ತಿದ.

ಮಾವ ಆಲಮಟ್ಟಿಯ ಹಿನ್ನೀರಿಗೆ ಹೋದ ಊರಿನವನು. ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ಮರು ತಿಂಗಳು ಅವರೇ ಪ್ರಧಾನಿಯಾದರು. ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ ನಾಲ್ಕು ದಶಕ ಕೃಷ್ಣೆಯ ದಂಡೆಯವರು ‘ಏಳೂದು ಯಾವಾಗ?’ ಎಂಬ ಒಂದೇ ಮಾತನ್ನು ಆಡುತ್ತ ಕಳೆದರು. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋಗಿ ನವನಗರ ಎದ್ದಿತು. ಮಾವನ ಊರೂ ಒಂದು ದಿನ ಗಂಟುಮೂಟೆ ಕಟ್ಟಿ ಪುನರ್ವಸತಿ ಕೇಂದ್ರಕ್ಕೆ ಹೋಗಿ ಕೂತಿತು. ಮೀನುಗಳಿಗಾಗಿ ಮಂದಿ ಮನೆ ಖಾಲಿ ಮಾಡಿಕೊಟ್ಟ ಜಿಲ್ಲೆ ನಮ್ಮದು. ಈಗ ಅದೇ ಮಾವನ ಎದುರಿಗೆ ಅಳಿಯನೊಬ್ಬ ಮೀನಿನ ಮನೆ ಖಾಲಿ ಮಾಡಿಸುತ್ತಿದ್ದ.

‘ಏನೇನ ಮಾಡಬೇಕಂತ ಹೇಳು ನೋಡೂಣು’ ಎಂದ.

ಹೇಳಿದೆ. ಒಂದೆರಡು ದಿನ ಮೊದಲೇ ಊಟ ನಿಲ್ಲಿಸಬೇಕು. ದಾರಿಯಲ್ಲಿ ಕತ್ತಲೆ ಮಾಡಬೇಕು. ಕತ್ತಲಲ್ಲಿ ಮೀನು ಗಾಬರಿ ಬೀಳುವುದಿಲ್ಲ. ಮೊದಲಿನ ನೀರನ್ನೇ ಜೊತೆಗೆ ಒಯ್ಯಬೇಕು. ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಒಟ್ಟಿನಲ್ಲಿ ಅವುಗಳ ಮನಸ್ಸಿಗೆ ಒತ್ತಡ ಆಗಬಾರದು.

ಮಾವ ಎಲೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ‘ನಮ್ಮನ್ನ ಎಬಸೂಮುಂದ ನೋಟೀಸ ಕೊಟ್ರು, ಟ್ರ್ಯಾಕ್ಟರ್ ನಿಂದ್ರಸಿದ್ರು. ಒತ್ತಡ ಆಕ್ಕೈತೇನು ಅಂತ ಒಬ್ಬರರ ಕೇಳಬೇಕಿಲ್ಲೋ ಅಳ್ಯಾ?’

ಉಪವಾಸದ ಸಂಗತಿಗೆ ಅವ್ವನ ತಕರಾರು ಬೇರೆ ಇತ್ತು. ಊರು ಬಿಡುವಾಗ ಹಸಿದು ಹೋಗಬಾರದು ಎಂಬುದು ಅವಳ ಶಾಸ್ತ್ರ. ಬಸ್ಸಿನಲ್ಲಿ ಬಾಗೇವಾಡಿಗೆ ಹೊರಟರೂ ನಾಲ್ಕು ರೊಟ್ಟಿಯ ಬುತ್ತಿ ಕಟ್ಟುವವಳು ಅವಳು. ಹೊಟ್ಟೆ ತುಂಬಿದ ಮೀನು ದಾರಿಯಲ್ಲೇ ನೀರು ಹೊಲಸು ಮಾಡುತ್ತದೆ, ಕಿವಿರಿನಿಂದ ಅಮೋನಿಯ ಬಿಡುತ್ತದೆ, ಬಕೆಟ್ಟಿನಷ್ಟು ನೀರಿನಲ್ಲಿ ಅದೇ ವಿಷ ಎಂದು ವಿವರಿಸಿದೆ. ‘ಸಣ್ಣ ಕೂಸ ಅವು’ ಎಂದಳು. ಗಟ್ಟಿಮುಟ್ಟಾದ ಮೀನು ಒಂದು ವಾರ ಉಪವಾಸವಿದ್ದರೂ ಸಾಯುವುದಿಲ್ಲ ಎಂದೆ. ‘ಯಾರ ಹೇಳ್ಯಾರ, ಮೀನ ಹೇಳೈತೇನು?’ ಎಂದಳು. ಕಾಳಿನ ಡಬ್ಬಿಯನ್ನು ನಾನು ಕಪಾಟಿನ ಮೇಲೆ ಮುಚ್ಚಿಟ್ಟೆ.

ನಿಜವಾದ ಯುದ್ಧ ನಡೆದದ್ದು ಸ್ಪಂಜಿನ ಮೇಲೆ. ಫಿಲ್ಟರ್ ಒಳಗಿನ ಆ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಹೊಸ ಮನೆಗೆ ಇದನ್ನು ಹೀಗೇ ಒಯ್ಯುವುದೇ ಎಂದು ಅವ್ವ ನಳದ ಕೆಳಗೆ ಹಿಡಿದು ಸಬಕಾರ ಹಚ್ಚುವಷ್ಟರಲ್ಲಿ ನಾನು ಓಡಿದೆ. ಅಕ್ವೇರಿಯಂನ ಖರೇ ಯಜಮಾನರು ಮೀನುಗಳಲ್ಲ, ಆ ಲೋಳೆಯಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು. ಒಂದು ಜಾತಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಸಂಸಾರ ಬೆಳೆಯಲು ವಾರಗಟ್ಟಲೆ ಬೇಕು. ಸಾಯಲು ಕ್ಲೋರಿನ್ ಬೆರೆತ ನಳದ ನೀರು ಸಾಕು, ಒಂದು ಮಧ್ಯಾಹ್ನದ ಒಣ ಬಿಸಿಲೂ ಸಾಕು. ಹಳೆಯ ನೀರಿನಲ್ಲಿ ಅವು ಬಹಳ ಇರುವುದಿಲ್ಲ, ಸ್ಪಂಜು ಮತ್ತು ಹರಳಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಹಳೆಯ ನೀರು ಚೆಲ್ಲಿದರೂ ಮೀನು ಬದುಕೀತು. ಹೊಲಸು ತೊಳೆದರೆ ಮಾತ್ರ ಕೆಟ್ಟಿತು. ಇದನ್ನು ಮುಂಜಾನೆ ಮುಂಜಾನೆ ಅಂಗಳ ಸಾರಿಸುವ ಹೆಣ್ಣುಮಗಳಿಗೆ ಹೇಳಿ ನಂಬಿಸುವ ವಿಜ್ಞಾನಿ ಇನ್ನೂ ಹುಟ್ಟಿಲ್ಲ. ಸ್ಪಂಜನ್ನು ಹಳೆಯ ನೀರಿನ ಡಬ್ಬಿಯಲ್ಲಿ ಮುಳುಗಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಹೊರಟದ್ದು ಸೂರ್ಯ ಹುಟ್ಟುವ ಮೊದಲೇ. ಬೇಸಿಗೆಯ ನಮ್ಮ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂನಷ್ಟಿದ್ದದ್ದು 35ಕ್ಕೆ 7ರ ಆಸುಪಾಸಿಗೆ ಇಳಿಯುತ್ತದೆ. ಗಪ್ಪಿಗಳು ಒಂದು ಬಕೆಟ್ಟಿನಲ್ಲಿ, ಗೋಲ್ಡ್ ಫಿಶ್ ಇನ್ನೊಂದರಲ್ಲಿ, ಮೇಲೆ ಸಡಿಲ ಮುಚ್ಚಳ, ಅದರ ಮೇಲೆ ಅವ್ವನ ಕೌದಿ. ಗಪ್ಪಿಯ ಬಕೆಟ್ಟನ್ನು ಮಾವ ಎರಡೂ ಮೊಣಕಾಲಿನ ನಡುವೆ ಹಿಡಿದಿದ್ದ. ಹಂಪ್ ಬಂದಾಗೆಲ್ಲ ಟಂಟಂನವನಿಗೆ ‘ಹೌರಗ, ಹೌರಗ’ ಎನ್ನುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ‘ಮೀನಕ್ಕ ಹೇಳಿದ್ದಲ್ಲ, ನನ್ನ ಸೊಂಟಕ್ಕ ಹೇಳಿದ್ದು’ ಎಂದ.

ಈ ಗಪ್ಪಿಗಳು ತಮ್ಮ ವಂಶದ ಪ್ರವಾಸದ ಕಥೆ ನೆನೆಸಿಕೊಂಡರೆ ತಾಳಿಕೋಟೆ ರಸ್ತೆ ಏನೂ ಅಲ್ಲ. ದಕ್ಷಿಣ ಅಮೆರಿಕದ ಈಶಾನ್ಯ ದಂಡೆ ಮತ್ತು ಟ್ರಿನಿಡಾಡಿನ ಕಡೆಯ ಮೀನು ಇದು. ಹೆಸರು ಬಂದದ್ದು ಅಲ್ಲಿ ನೆಲೆಸಿದ್ದ ಗಪ್ಪಿ ಎಂಬ ಇಂಗ್ಲಿಷ್ ಸಾಹೇಬನಿಂದ. ಸೊಳ್ಳೆಯ ಮರಿ ತಿನ್ನಲೆಂದು ಕಳೆದ ಶತಮಾನದ ಆರಂಭದಲ್ಲೇ ಇದನ್ನು ಭಾರತಕ್ಕೆ ತಂದರು. ಇಂದಿಗೂ ಆರೋಗ್ಯ ಇಲಾಖೆಯವರು ಬಾವಿ, ಹೊಂಡ, ನೀರಿನ ತೊಟ್ಟಿಗಳಿಗೆ ಗಪ್ಪಿ ಬಿಡುತ್ತಾರೆ. ಬಿಡುವುದೆಂದರೆ ಡಬ್ಬಿ ಬೋರಲು ಹಾಕುವುದು. ಸರ್ಕಾರಿ ವರ್ಗಾವಣೆ ಎಲ್ಲಿಯೂ ಹಾಗೆಯೇ ತಾನೆ.

ಹೊಸ ಮನೆಯಲ್ಲಿ ಥರ್ಮಾಕೋಲ್ ಹಾಸಿ, ಮಟ್ಟ ನೋಡಿ, ಪೆಟ್ಟಿಗೆ ಇಟ್ಟು, ಕ್ಯಾನಿನಲ್ಲಿ ತಂದ ಹಳೆಯ ನೀರು ಸುರಿದೆ. ಉಳಿದ ಭಾಗಕ್ಕೆ ಬೋರಿನ ನೀರು ಹಾಕಿರಿ ಎಂದರು ಮಾಲೀಕರು. ನೆಕ್ಕಿ ನೋಡಿದರೆ ಸವಳು. ಗಪ್ಪಿ ತಡೆದೀತು, ಆದರೂ ಒಮ್ಮೆಲೇ ಬೇಡ ಎಂದು ನಳದ ನೀರನ್ನೇ ಹಿಡಿದು ಹೈಪೊ ಹರಳು ಹಾಕಿದೆ. ಅಕ್ವೇರಿಯಂ ಅಂಗಡಿಯವರು ಕ್ಲೋರಿನ್ ತೆಗೆಯಲು ಕೊಡುವ ಈ ಹರಳು ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೊ ಸ್ಟುಡಿಯೋದವರು ಕತ್ತಲೆ ಕೋಣೆಯಲ್ಲಿ ಚಿತ್ರ ಅಳಿಯದಂತೆ ಮಾಡಲು ಬಳಸುತ್ತಿದ್ದದ್ದೂ ಇದನ್ನೇ. ಬಕೆಟ್ಟಿಗೆ ಲೋಟ ಲೋಟವಾಗಿ ಹೊಸ ನೀರು ಬೆರೆಸಿ, ಎರಡೂ ಕಡೆಯ ಬಿಸಿ ಒಂದಾದ ಮೇಲೆ ಜಾಳಿಗೆಯಿಂದ ಒಂದೊಂದೇ ಮೀನು ದಾಟಿಸಿದೆ. ದೀಪ ಹಾಕಲಿಲ್ಲ, ಆ ದಿನ ಕಾಳೂ ಇಲ್ಲ.

ಬಕೆಟ್ಟಿನ ತಳದಲ್ಲಿ ಏನೋ ಮಿಸುಕಾಡಿತು. ಮಾವ ಚಷ್ಮಾ ಏರಿಸಿ ಬಗ್ಗಿದ. ಚುಕ್ಕೆಯಷ್ಟು ಕಣ್ಣಿನ, ಕೂದಲೆಳೆಯಷ್ಟು ಮೈಯ ಮರಿಗಳು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ತುಂಬಿದ ಬಸುರಿಗೆ ಕುಲುಕಾಟವಾದರೆ ದಾರಿಯಲ್ಲೇ ಹೆರಿಗೆ. ಅವ್ವ ‘ಬಾಣಂತಿಗೂ ಉಪಾಸ ಹಾಕಿದೇನೋ’ ಎಂದು ಬಯ್ಯುತ್ತ ಡಬ್ಬಿ ಹುಡುಕಲು ಎದ್ದಳು.

ಮಾವ ಎಣಿಸಲು ನೋಡಿ ಕೈಬಿಟ್ಟ. ‘ಇವು ನೋಟಿಫಿಕೇಶನ್ ಆದಮ್ಯಾಲ ಹುಟ್ಟ್ಯಾವು. ಪಟ್ಟಿಯೊಳಗ ಹೆಸರ ಬರೂದಿಲ್ಲ’ ಎಂದ.

ದೊಡ್ಡವುಗಳ ಜೊತೆ ಬಿಟ್ಟರೆ ಗೋಲ್ಡ್ ಫಿಶ್ ಬಿಡುವುದಿಲ್ಲ, ಹೆತ್ತ ತಾಯಿಯೂ ತಿನ್ನುತ್ತದೆ ಎಂದೆ.

‘ಹಂಗಾರ ಬ್ಯಾರೆ ಬರಣಿಯೊಳಗ ಇಡು. ಪ್ರತ್ಯೇಕ ಕುಟುಂಬ ಅಂತ ಬರಸೂಣು, ಪರಿಹಾರನೂ ಪ್ರತ್ಯೇಕ ಬರತೈತಿ.’