ಲಿಂಗಸುಗೂರಿಗೇ ಮುಗಿದ ಶ್ರೀಶೈಲ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೊರಟವರ ಕಾಲು ಅವರದಲ್ಲ, ಸಾರ್ವಜನಿಕ ಆಸ್ತಿ. ಇದು ನನಗೆ ತಿಳಿದದ್ದು ಲಿಂಗಸುಗೂರಿನ ಹತ್ತಿರ, ಬಲಗಾಲು ಉಳುಕಿದ ಮೇಲೆ. ಹೇಗೆ ಉಳುಕಿತೆಂದು ಕೇಳಬೇಡಿ. ಸಪಾಟಾದ ಡಾಂಬರು ರಸ್ತೆ, ಕೈಯಲ್ಲಿ ಬಿಸಿ ಮಿರ್ಚಿ. ಬಾಗಲಕೋಟೆಯಿಂದ 400 ಕಿಲೋಮೀಟರಿಗೂ ಮಿಕ್ಕಿದ ಹಾದಿ. ರಾಯಚೂರು, ಕರ್ನೂಲು, ನಲ್ಲಮಲ ಕಾಡು, ಭೀಮನಕೊಳ್ಳ ಎಲ್ಲ ಬಾಕಿ.

ದಾಸೋಹದ ಪೆಂಡಾಲಿನಲ್ಲಿ ಕೂಡಿಸಿ ಕಾಲನ್ನು ಬಿಸಿ ಉಪ್ಪುನೀರಿನ ಬೋಗುಣಿಗೆ ಇಳಿಸಿದರು. ಗಿಣ್ಣು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೂಡಲೇ ಮೂರು ಪಂಥ ಹುಟ್ಟಿದವು. ಎಳೆಯಬೇಕೆಂದರು ಒಬ್ಬರು. ಎಳೆದರೆ ಕಾಲೇ ಹೋದೀತು, ಅರಿಷಿಣ-ಸುಣ್ಣ ಹಚ್ಚಿ ಎಂದರು ಇನ್ನೊಬ್ಬರು. ಮೂರನೆಯವನು ಮಾತಾಡದೆ ಸ್ಪ್ರೇ ಹೊಡೆದ. ಅದು ಎರಡನೆಯವರ ಕಣ್ಣಿಗೆ ಹೋಯಿತು. ನೋವು ಎಲ್ಲಿದೆಯೆಂದು ನನ್ನನ್ನು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನಮ್ಮ ತಂಡದ ಮುಂದಾಳು ಮಹಾಶಯರಂತೂ ಬಾವಿನ ಫೋಟೋ ತೆಗೆದು ನನ್ನ ಹೆಂಡತಿಗೆ ಕಳಿಸಿದ ಮೇಲೆ ನನಗೆ ನೀರು ಕೊಟ್ಟರು.

ಆಗ ಪೆಂಡಾಲಿನ ಅಂಚಿನ ಮೇಲಿಂದ ಒಂದು ಮುಖ ಇಣುಕಿತು. "ಏನಾಗೇತ್ರಿ ಸಾಹೇಬ್ರಿಗೆ?"

ಮರಗಾಲಿನವನು! ಊರಿಂದ ಎರಡು ಕಟ್ಟಿಗೆಯ ಮೇಲೇ ನಡೆದು ಬಂದ ಪುಣ್ಯಾತ್ಮ. ನೆಲದಲ್ಲಿ ಕೂರಲಾಗದು, ಟ್ರ್ಯಾಕ್ಟರ್ ಟ್ರಾಲಿಯ ಅಂಚಿಗೆ ಒರಗಿ ಮಜ್ಜಿಗೆ ಕುಡಿದ. ನನ್ನ ಕಾಲನ್ನು ಬಹಳ ಹೊತ್ತು ನೋಡಿದ. ಮತ್ತೊಂದು ಲೋಟ ಕುಡಿದ. ಕೊನೆಗೆ ಅಂದ: "ನೆಲದ ಮ್ಯಾಲ ನಡಿಯೋದು ಭಾಳ ತ್ರಾಸ ಬಿಡ್ರಿ."

ಅದರಲ್ಲಿ ಕುಹಕವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಒಬ್ಬ ಮುದುಕಿ ಬಂದು ಎಣ್ಣೆ ತಿಕ್ಕತೊಡಗಿದಳು. ಅವಳ ಹಿಮ್ಮಡಿಯ ಬಿರುಕು ನೋಡಿ ನನ್ನ ನರಳಾಟ ತಾನಾಗಿ ನಿಂತಿತು. ತಿಕ್ಕಿ ಮುಗಿಸಿ, ಊದಿದ ಪಾದಕ್ಕೇ ಹಣೆ ಹಚ್ಚಿದಳು. "ಯವ್ವಾ, ನಾ ವಾಪಸ್ ಹೊಂಟೀನಿ, ಬಸ್ಸಿಗೆ" ಎಂದೆ.

"ಎಲ್ಲಿಗ್ಯಾರ ಹೋಗು ಮಲ್ಲಯ್ಯಾ, ಈಗ ಅಳ್ಳ್ಯಾಡಬ್ಯಾಡ."

ಉಳಿದದ್ದು ಸೀರೆಯ ಪ್ರಶ್ನೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯ ಮಗಳಲ್ಲವೇ, ತವರಿನ ಸೀರೆಯೆಂದು ಅವ್ವ ಕೊಟ್ಟು ಕಳಿಸಿದ್ದಳು. ಮರಗಾಲಿನವನಿಗೆ ಒಪ್ಪಿಸಿದೆ; ಹೆಗಲಿಗೆ ಸುತ್ತಿಕೊಂಡ. ಕೃತಜ್ಞತೆ ಉಕ್ಕಿ, ಇನ್ನು ನನ್ನ ಒಂದೇ ಕಾಲಿಗೆ ಹಿಡಿಸುವ ಹೊಸ ಬೂಟುಗಳನ್ನೂ ಎತ್ತಿ ಹಿಡಿದೆ.

ಅವನು ತನ್ನ ಕಟ್ಟಿಗೆಗಳನ್ನೊಮ್ಮೆ ನೋಡಿಕೊಂಡ. "ಬ್ಯಾಡ್ರಿ, ಇವಕ್ಕ ದೊಡ್ಡವು ಆಗ್ತಾವು."